ಚಕ್ರ ಕಟ್ಟಿದ ತೊಟ್ಟಿಮನೆ: ಮರದ ಚೌಕಟ್ಟಿನ ಮಾರಿಸ್ ಟ್ರಾವೆಲರ್ ಕಾರಿನ ಜೀರ್ಣೋದ್ಧಾರ

ನಮ್ಮ ಆಚಾರರು ಈ ಕಾರನ್ನು ಮೊದಲ ಸಲ ನೋಡಿದಾಗ ಏನೂ ಮಾತಾಡಲಿಲ್ಲ. ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಹಿಂದಿನ ಮೂಲೆಗೆ ಬಂದು ಬೆರಳಿನ ಗೆಣ್ಣಿನಿಂದ ಎರಡು ಸಲ ತಟ್ಟಿ ಕಿವಿಗೊಟ್ಟರು. ಆಮೇಲೆ, "ಇದು ಕಾರಲ್ಲ ಸ್ವಾಮಿ, ಚಕ್ರ ಕಟ್ಟಿದ ತೊಟ್ಟಿಮನೆ. ಸೂರಿನ ನೀರು ಕಂಬದ ಬುಡಕ್ಕೆ ಇಳಿದಿದೆ" ಎಂದರು. ಅದಕ್ಕೂ ಮೊದಲು ಬಂದ ಮೂವರು ಮೆಕ್ಯಾನಿಕ್ಕುಗಳು ಬಾನೆಟ್ ಎತ್ತಿ, ಇಂಜಿನ್ನಿನ ಬಗ್ಗೆಯೇ ಮಾತಾಡಿ, ಚಹಾ ಕುಡಿದು ಹೋಗಿದ್ದರು. ಕಾಯಿಲೆ ಎಲ್ಲಿದೆ ಎಂದು ಹೇಳಿದವರು ಮನೆ ಕಟ್ಟುವ ಬಡಗಿ.

ಕಾರು ಸಿಕ್ಕಿದ್ದು ಚಿಕ್ಕಮಗಳೂರಿನ ಹತ್ತಿರದ ಒಂದು ಕಾಫಿ ತೋಟದ ಗೋದಾಮಿನಲ್ಲಿ. ಬೋನ್ಸಾಯ್ ಕಾಡಿನಂತೆ ಅದರ ಕಿಟಕಿಯ ಅಂಚಿನಲ್ಲಿ ಪಾಚಿ ಬೆಳೆದಿತ್ತು. ಇದನ್ನು ಓಡುವ ಸ್ಥಿತಿಗೆ ತರಲು ನನಗೆ ಎರಡು ಮಳೆಗಾಲ ಮತ್ತು ಮೂರು ಬೇಸಿಗೆ ಹಿಡಿಯಿತು. ಇಂಥದ್ದೇ ಕಾರು ನಿಮ್ಮ ಕೈಗೆ ಬಂದರೆ ಎಲ್ಲಿಂದ ಶುರು ಮಾಡಬೇಕು, ಎಲ್ಲಿ ಆತುರಪಡಬಾರದು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಚ್ಚಿನ ಭಾಗ ಮರ ಮತ್ತು ನೀರಿನ ಬಗ್ಗೆಯೇ ಇದೆ. ಇಂಜಿನ್ನಿನ ಕೆಲಸ ಬಲ್ಲವರು ಪ್ರತಿ ಊರಿನಲ್ಲೂ ಇದ್ದಾರೆ.

ಮೊದಲು ಕಾರನ್ನು ಅರಿಯಿರಿ

ಮಾರಿಸ್ ಮೈನರ್ 1948ರ ಲಂಡನ್ ಮೋಟಾರು ಪ್ರದರ್ಶನದಲ್ಲಿ ಹೊರಬಂದ ಕಾರು. ಮುಂದೆ ಮಿನಿ ಕಾರನ್ನು ರೂಪಿಸಿದ ಅಲೆಕ್ ಇಸಿಗೋನಿಸ್ ಅವರದೇ ವಿನ್ಯಾಸ. ಇದರ ಸೆಡಾನ್ ರೂಪವನ್ನು ನಮ್ಮಲ್ಲಿ ಹಿಂದೂಸ್ತಾನ್ ಮೋಟಾರ್ಸ್ 'ಬೇಬಿ ಹಿಂದೂಸ್ತಾನ್' ಎಂಬ ಹೆಸರಿನಲ್ಲಿ ಮಾರಿತ್ತು. ಹಿಂಭಾಗ ಉದ್ದವಾಗಿ, ಎರಡು ಬಾಗಿಲು ಅಲಮಾರಿನಂತೆ ಇಕ್ಕೆಲಗಳಿಗೆ ತೆರೆಯುವ ಎಸ್ಟೇಟ್ ರೂಪವೇ ಟ್ರಾವೆಲರ್. ಅದು 1953ರಲ್ಲಿ ಬಂತು, 1971ರವರೆಗೆ ತಯಾರಾಯಿತು. ನಮ್ಮ ಕಡೆ ಬಲು ಅಪರೂಪ.

ಮುಂಬಾಗಿಲುಗಳವರೆಗೆ ಇದು ಮಾಮೂಲಿ ಉಕ್ಕಿನ ಕಾರು. ಅಲ್ಲಿಂದ ಹಿಂದಕ್ಕೆ ಆಶ್ ಎಂಬ ಮರದ ಚೌಕಟ್ಟು, ಅದರ ನಡುವೆ ಅಲ್ಯೂಮಿನಿಯಂ ಹಾಳೆ, ಮೇಲೆ ಅಲ್ಯೂಮಿನಿಯಂ ಚಾವಣಿ. ಆಶ್ ಎಂದರೆ ಕ್ರಿಕೆಟ್ ಸ್ಟಂಪುಗಳನ್ನು ಮಾಡುವ ಮರ. ಹೊಡೆತ ತಡೆದು ಬಾಗುವ ಗುಣ ಅದಕ್ಕಿದೆ. ನೋಡುವವರು ಈ ಮರವನ್ನು ಅಲಂಕಾರ ಎಂದುಕೊಳ್ಳುತ್ತಾರೆ. ಚಾವಣಿಯ ಭಾರ, ಕಿಟಕಿಗಳ ಭಾರ, ಹಿಂಬಾಗಿಲುಗಳ ಎಳೆತ ಎಲ್ಲವನ್ನೂ ಹೊರುವುದು ಅದೇ. ಮರ ಲಡ್ಡಾದರೆ, ಅಂದರೆ ಕೊಳೆತು ಪುಡಿಯಾದರೆ, ಕಾರೇ ಲಡ್ಡು. ಬ್ರಿಟನ್ನಿನ ವಾರ್ಷಿಕ ತಪಾಸಣೆಯಲ್ಲಿ ಕೊಳೆತ ಮರದ ಟ್ರಾವೆಲರ್ ತುಕ್ಕು ಹಿಡಿದ ಕಾರಿನಂತೆಯೇ ನಪಾಸಾಗುತ್ತದೆ.

ನಿಮ್ಮ ಕಾರು ಯಾವ ಕಾಲದ್ದು ಎಂದು ತಿಳಿಯಲು ಮುಂಗಾಜು ನೋಡಿ. ನಡುವೆ ಸೀಳಿದ ಎರಡು ತುಂಡು ಗಾಜಿದ್ದರೆ 1956ಕ್ಕಿಂತ ಹಿಂದಿನದು, 803 ಸಿಸಿ ಇಂಜಿನ್. ಒಂದೇ ಬಾಗಿದ ಗಾಜಿದ್ದರೆ 948 ಸಿಸಿ, 1962ರ ನಂತರದ್ದಾದರೆ 1098 ಸಿಸಿ. ಇಷ್ಟು ವರ್ಷಗಳಲ್ಲಿ ಯಾರಾದರೂ ಇಂಜಿನ್ ಬದಲಾಯಿಸಿರಲೂಬಹುದು. ಹಾಗಾಗಿ ಇಂಜಿನ್ ಸಂಖ್ಯೆಯನ್ನು ಆರ್‌ಸಿ ಪುಸ್ತಕದೊಂದಿಗೆ ತಾಳೆ ನೋಡಿಯೇ ಹಣ ಕೊಡಿ.

ಕಾಗದಪತ್ರ

ಆರ್‌ಸಿ ಇಲ್ಲದ ಕಾರನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಕೊಳ್ಳಬೇಡಿ. ಮಾಲೀಕರು ತೀರಿಕೊಂಡು ಎರಡು ತಲೆಮಾರು ದಾಟಿದ್ದರೆ ವಾರಸುದಾರರ ಒಪ್ಪಿಗೆ ಮೊದಲು, ಸ್ಕ್ರೂಡ್ರೈವರ್ ಆಮೇಲೆ. ಚಿಕ್ಕಮಗಳೂರಿನವರಿಗೆ ಕೆಎ-18, ಹಾಸನದವರಿಗೆ ಕೆಎ-13 ಸಾರಿಗೆ ಕಚೇರಿ. ಕೆಲಸ ಶುರುವಾಗುವ ಮುಂಚೆಯೇ ಒಮ್ಮೆ ಹೋಗಿ ವಿಚಾರಿಸಿ.

2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆಂದೇ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲಿರುವ ಕಾರುಗಳಿಗೆ ಇದು ಅನ್ವಯ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಆದರೆ ಈ ವರ್ಗಕ್ಕೆ ಸೇರಿದ ಕಾರನ್ನು ಪ್ರದರ್ಶನ, ರ‍್ಯಾಲಿ, ಇಂಧನ ತುಂಬಿಸುವುದು, ರಿಪೇರಿ ಇಂಥ ಕಾರಣಗಳಿಗೆ ಮಾತ್ರ ರಸ್ತೆಗಿಳಿಸಬಹುದು. ದಿನನಿತ್ಯ ಸಂತೆಗೆ ಹೋಗುವಂತಿಲ್ಲ. ಷಾಸಿ, ಬಾಡಿ, ಇಂಜಿನ್ನಿನಲ್ಲಿ ದೊಡ್ಡ ಮಾರ್ಪಾಡು ಮಾಡಿದರೆ ಆ ವರ್ಗವೇ ತಪ್ಪಿಹೋಗುತ್ತದೆ. ಸಾಮಾನ್ಯ ನೋಂದಣಿಯಲ್ಲೇ ಉಳಿಸಿಕೊಂಡರೂ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದ್ದೇ ಇದೆ: ತಯಾರಕರು ಕೊಟ್ಟ ರೂಪಕ್ಕೆ ವಿರುದ್ಧವಾದ ಬದಲಾವಣೆ ಅನುಮತಿಯಿಲ್ಲದೆ ಕೂಡದು. ಇದನ್ನು ಮೊದಲೇ ಹೇಳಲು ಕಾರಣವಿದೆ. ಮರ ಕತ್ತರಿಸಿದ ಮೇಲೆ ಕಾನೂನು ಓದಿ ಪ್ರಯೋಜನವಿಲ್ಲ.

ಕೆಲಸದ ಪಂಚಾಂಗ

ಮಲೆನಾಡಿನಲ್ಲಿ ಈ ಕೆಲಸದ ಯಜಮಾನ ನೀವಲ್ಲ, ಮಳೆ. ಮರ ಗಾಳಿಯ ತೇವವನ್ನು ಕುಡಿಯುತ್ತದೆ, ಉಬ್ಬುತ್ತದೆ. ಬೇಸಿಗೆಯಲ್ಲಿ ಬಿಟ್ಟುಕೊಟ್ಟು ಕುಗ್ಗುತ್ತದೆ. ಪುನರ್ವಸು, ಪುಷ್ಯ ಮಳೆಗಳ ನಡುವೆ ಕೂಡಿಸಿದ ಜೋಡಣೆ ಮಾರ್ಚಿನಲ್ಲಿ ಬಾಯಿ ಬಿಡುತ್ತದೆ. ನಾನು ಪಾಲಿಸಿದ ಕ್ರಮ ಹೀಗಿತ್ತು.

ದೀಪಾವಳಿಯ ಆಸುಪಾಸಿನಲ್ಲಿ ಮರ ಕೊಂಡು, ಬೇಕಾದ ದಪ್ಪಕ್ಕಿಂತ ಕಾಲಿಂಚು ಹೆಚ್ಚಿಟ್ಟು ಸೀಳಿಸಿ, ನಡುವೆ ರೀಪರ್ ತುಂಡು ಕೊಟ್ಟು ನೆರಳಿನಲ್ಲಿ ಒಟ್ಟಿಡುವುದು. ಜನವರಿ ಮುಗಿಯುವವರೆಗೆ ಉಕ್ಕಿನ ಕೆಲಸ. ಫೆಬ್ರವರಿಯಿಂದ ಏಪ್ರಿಲ್ ನಡುವಿನವರೆಗೆ ಮರಗೆಲಸ. ಆಮೇಲೆ ವಾರ್ನಿಷ್. ಮಳೆ ಹಿಡಿದ ಮೇಲೆ ಸೂರಿನಡಿ ಕುಳಿತು ಇಂಜಿನ್, ವೈರಿಂಗ್, ಸೀಟು. ನವೆಂಬರಿನಿಂದ ಕಾಫಿ ಕೊಯ್ಲು ಶುರುವಾದರೆ ಕಾರು ಎತ್ತಲು ನಾಲ್ಕು ಕೈ ಬೇಕೆಂದರೂ ಸಿಗುವುದಿಲ್ಲ ಎಂಬುದನ್ನು ಲೆಕ್ಕದಲ್ಲಿಡಿ. ಇನ್ನೊಂದು ವಿಚಿತ್ರ: ಮಾರ್ಚ್–ಏಪ್ರಿಲ್‌ನಲ್ಲಿ ಊರಿಗೆ ಊರೇ ಕಾಫಿ ಹೂ ಅರಳಿಸುವ ಹೂಮಳೆಗಾಗಿ ಆಕಾಶ ನೋಡುತ್ತಿದ್ದರೆ, ವಾರ್ನಿಷ್ ಡಬ್ಬ ಹಿಡಿದ ನೀವೊಬ್ಬರೇ ಅದು ಬಾರದಿರಲಿ ಎಂದು ಬೇಡುತ್ತಿರುತ್ತೀರಿ. ಈ ಪ್ರಾರ್ಥನೆಯನ್ನು ಜೋರಾಗಿ ಹೇಳಬೇಡಿ.

ಮರದ ತೇವ 12ರಿಂದ 14%ಗೆ ಇಳಿದಿರಬೇಕು. ಕಾಫಿ ಬೀಜದ ತೇವ ಅಳೆಯುವ ಯಂತ್ರ ತೋಟದ ಮನೆಗಳಲ್ಲಿ ಇರುತ್ತದೆ. ಅದು ಇದಕ್ಕೆ ಆಗದು. ಎರಡು ಸೂಜಿ ಚುಚ್ಚುವ ಮರದ ಮೀಟರೇ ಬೇಕು. ಅದಿಲ್ಲದಿದ್ದರೆ ಒಟ್ಟಿದ ರಾಶಿಯಿಂದ ಒಂದು ತುಂಡನ್ನು ಗುರುತು ಮಾಡಿ, ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಬೇಸಿಗೆಯಲ್ಲಿ ಸತತ ಮೂರು ವಾರ ತೂಕ ಇಳಿಯದಿದ್ದರೆ ನಮ್ಮ ಹವೆಗೆ ಎಷ್ಟು ಒಣಗಬಹುದೋ ಅಷ್ಟು ಒಣಗಿದೆ ಎಂದರ್ಥ.

ಮರದ ನಾಡಿ ನೋಡುವುದು

ಚೌಕಟ್ಟಿನ ತುಂಡುಗಳಿಗೆ ಇಂಗ್ಲಿಷ್ ಹೆಸರುಗಳಿವೆ. ನಾನು ಮತ್ತು ಆಚಾರರು ಮನೆಯ ಭಾಷೆಯಲ್ಲೇ ಕರೆದುಕೊಂಡೆವು: ಮುಂಬಾಗಿಲ ಹಿಂದೆ ನಿಲ್ಲುವುದು ನಡುಗಂಬ, ಹಿಂದಿನ ತುದಿಯಲ್ಲಿ ಮೂಲೆಗಂಬ, ಕಿಟಕಿಯ ಕೆಳಗೆ ಉದ್ದಕ್ಕೆ ಹೋಗುವುದು ಸೊಂಟಪಟ್ಟಿ, ನೆಲಕ್ಕೆ ಕೂರುವುದು ಅಡಿಪಟ್ಟಿ, ಚಾವಣಿ ಹೊರುವುದು ಮೇಲ್ಪಟ್ಟಿ, ಹಿಂಬಾಗಿಲ ಕೆಳಗಿನದು ಹೊಸಿಲು. ಈ ಹೆಸರುಗಳನ್ನು ಪೆನ್ಸಿಲಿನಿಂದ ಪ್ರತಿ ತುಂಡಿನ ಒಳಮೈಗೆ ಬರೆಯಿರಿ, ಎಡ ಬಲ ಸಹಿತ.

ಒಂದು ತೆಳು ದಬ್ಬಣ ತೆಗೆದುಕೊಂಡು ಕಂಬಗಳ ಬುಡ, ಚಕ್ರದ ಕಮಾನಿನ ಮೇಲಿನ ಕೂಡುಗಳು, ಸೊಂಟಪಟ್ಟಿಯಲ್ಲಿ ಜಾರುಗಾಜು ಕೂರುವ ತೋಡು, ಹೊಸಿಲಿನ ಎರಡು ತುದಿ ಇಷ್ಟನ್ನು ಚುಚ್ಚಿ ನೋಡಿ. ಒಳ್ಳೆಯ ಮರ ದಬ್ಬಣವನ್ನು ತಡೆಯುತ್ತದೆ. ಕೊಳೆತದ್ದು ಬೆಣ್ಣೆಯಂತೆ ದಾರಿ ಕೊಡುತ್ತದೆ. ತಟ್ಟಿದಾಗ ಟಣ್ ಎನ್ನದೆ ಬೊದ್ ಎಂದರೆ ಒಳಗೆ ಟೊಳ್ಳು. ಸ್ಕ್ರೂಗಳ ಸುತ್ತ ಕಪ್ಪು ಕಲೆ ಇದ್ದರೆ ಕಬ್ಬಿಣದ ಸ್ಕ್ರೂ ತುಕ್ಕು ಹಿಡಿದು ಸುತ್ತಲಿನ ನಾರನ್ನು ತಿಂದಿದೆ. ಹಿಟ್ಟಿನಂಥ ಪುಡಿ ಉದುರಿದರೆ ಮರ ಕೊರೆಯುವ ಕುಟ್ಟೆ ಹುಳು. ಮಣ್ಣಿನ ಗೆರೆ ಕಂಡರೆ ಗೆದ್ದಲು. ಗೋದಾಮಿನ ಮಣ್ಣು ನೆಲದಲ್ಲಿ ಚಕ್ರದ ಗಾಳಿ ಇಳಿದು ನಿಂತ ಕಾರಿಗೆ ಗೆದ್ದಲು ಏರುವುದು ಬಲು ಸುಲಭ. ನನ್ನದರಲ್ಲಿ ಎಡ ಮೂಲೆಗಂಬದ ಬುಡದ ಒಂದು ಅಡಿ ಬರೀ ವಾರ್ನಿಷ್ ಚಿಪ್ಪಾಗಿ ನಿಂತಿತ್ತು.

ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕೊಳೆತಿದ್ದರೆ ತೇಪೆ ಹಾಕುವ ಆಸೆ ಬಿಟ್ಟು ಆ ತುಂಡನ್ನೇ ಹೊಸದಾಗಿ ಮಾಡಿ. ಕೊಳೆತ ಮರಕ್ಕೆ ಎಪಾಕ್ಸಿ ಎಂಬ ಗಟ್ಟಿಯಾಗುವ ರಾಳದಂಟು ಸುರಿದು ಗಟ್ಟಿ ಮಾಡಬಹುದು ಎಂದು ಹೇಳುವವರು ಸಿಗುತ್ತಾರೆ. ಕಿಟಕಿಯ ಚೌಕಟ್ಟಿಗೆ ಅದು ಸರಿ, ಮೂವರು ಕೂತು ಘಾಟಿ ಇಳಿಯುವ ವಾಹನಕ್ಕೆ ಅಲ್ಲ.

ಬಿಚ್ಚುವುದು, ಅಥವಾ ನಾನು ಮಾಡಿದ ದೊಡ್ಡ ತಪ್ಪು

ಒಂದು ಕಡೆಯ ಚೌಕಟ್ಟು ಪೂರ್ತಿ ಮುಗಿದು ಕೂಡುವವರೆಗೆ ಇನ್ನೊಂದು ಕಡೆಯನ್ನು ಮುಟ್ಟಬೇಡಿ. ನಾನು ಉತ್ಸಾಹದಲ್ಲಿ ಒಂದೇ ಭಾನುವಾರ ಎರಡನ್ನೂ ಬಿಚ್ಚಿದೆ. ಸಂಜೆ ಚಾವಣಿ ಎಂಟು ಮಿಲಿಮೀಟರ್ ಕೆಳಗಿಳಿದು ಒಂದು ಬದಿಗೆ ವಾಲಿತ್ತು. ಅದನ್ನು ಮತ್ತೆ ಅದರ ಜಾಗಕ್ಕೆ ತರಲು ಮೂರು ವಾರ ಹಿಡಿಯಿತು, ಆಚಾರರ ಬೈಗುಳ ಬೇರೆ.

ಸರಿಯಾದ ಕ್ರಮ ಹೀಗೆ. ಕಾರನ್ನು ಸಮತಟ್ಟಾದ ಸಿಮೆಂಟ್ ನೆಲದಲ್ಲಿ ನಾಲ್ಕು ಸ್ಟ್ಯಾಂಡಿನ ಮೇಲೆ ಕೂರಿಸಿ. ಕಾಫಿ ಕಣ ಇದಕ್ಕೆ ಹೇಳಿ ಮಾಡಿಸಿದಂತಿದ್ದರೂ ಅದರಲ್ಲಿ ನೀರು ಹರಿಯಲೆಂದು ಇಳಿಜಾರು ಕೊಟ್ಟಿರುತ್ತಾರೆ. ನೀರ್ಮಟ್ಟ ಹಿಡಿದು ಸರಿಪಡಿಸಿಕೊಳ್ಳಿ. ಮುಂಬಾಗಿಲುಗಳನ್ನು ಮುಚ್ಚಿ ಸುತ್ತಲಿನ ಸಂದುಗಳನ್ನು ಅಳೆದು ಬರೆಯಿರಿ. ಹಿಂಬಾಗಿಲ ತೆರಪಿನ ಎರಡೂ ಕರ್ಣಗಳನ್ನು ಅಳೆಯಿರಿ; ಅವು ಸಮನಾಗಿರಬೇಕು, ಇಲ್ಲದಿದ್ದರೆ ಕಾರು ಆಗಲೇ ವಾಲಿದೆ. ಒಳಗೆ ಚದರ ಕಬ್ಬಿಣದ ಪೈಪಿನಿಂದ ನೆಲಕ್ಕೂ ಚಾವಣಿಯ ಅಂಚಿಗೂ ಆನಿಕೆ ಕೊಟ್ಟು, ನಡುವೆ ಅಡ್ಡಪಟ್ಟಿ ಬೋಲ್ಟ್ ಮಾಡಿ. ಪೈಪು ಅಲ್ಯೂಮಿನಿಯಂಗೆ ತಾಗುವಲ್ಲಿ ಗೋಣಿಯೋ ಕಂಬಳಿಯೋ ಇರಲಿ.

ಆಮೇಲೆ ಹಿಂಬಾಗಿಲು, ಜಾರುಗಾಜು, ಹಿಂದಿನ ಮಡ್ಗಾರ್ಡ್, ಒಳಹಾಸು ಈ ಕ್ರಮದಲ್ಲಿ ತೆಗೆಯಿರಿ. ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಚಿತ್ರ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು. ಹಳೆಯ ಸ್ಕ್ರೂಗಳನ್ನು ತೆಗೆದ ಜಾಗದ ಹೆಸರು ಬರೆದ ಡಬ್ಬಿಗಳಲ್ಲಿ ಹಾಕಿಡಿ. ಮತ್ತೆ ಬಳಸಲು ಅಲ್ಲ, ಉದ್ದ ತಿಳಿಯಲು. ಕೊಳೆತ ಮರವನ್ನು ಒಲೆಗೆ ಹಾಕಬೇಡಿ. ಎಷ್ಟೇ ಪುಡಿಯಾಗಿದ್ದರೂ ಅದೇ ನಿಮ್ಮ ನಕ್ಷೆ.

ಉಕ್ಕು ಮೊದಲು, ಮರ ಆಮೇಲೆ

ಮರದ ಚೌಕಟ್ಟು ತನ್ನ ನೇರವನ್ನು ಉಕ್ಕಿನ ನೆಲದಿಂದ ಪಡೆಯುತ್ತದೆ. ಅಡಿಪಾಯ ಸರಿಯಿಲ್ಲದೆ ಕಂಬ ನಿಲ್ಲಿಸಿದರೆ ಏನಾಗುತ್ತದೋ ಅದೇ ಇಲ್ಲೂ. ಜೊತೆಗೆ ಹೊಸ ಮರದ ಪಕ್ಕದಲ್ಲಿ ವೆಲ್ಡಿಂಗ್ ಮಾಡುವುದು ಬೆಂಕಿಯೊಂದಿಗಿನ ಸರಸ.

ಮುಂಬಾಗಿಲ ಕೆಳಗಿನ ಪೆಟ್ಟಿಗೆಯಾಕಾರದ ಸಿಲ್, ಮುಂಸೀಟಿನಡಿಯ ಅಡ್ಡತೊಲೆ, ಹಿಂದಿನ ಕಮಾನು ಪಟ್ಟಿಗಳು ನೇತಾಡುವ ಜಾಗ, ಚಕ್ರದ ಒಳಕಮಾನು ಇವು ಮುಖ್ಯ. ಮುಂಚಕ್ರಗಳಿಗೆ ಸ್ಪ್ರಿಂಗಿನಂತೆ ತಿರುಚಿಕೊಳ್ಳುವ ಟಾರ್ಷನ್ ಬಾರ್‌ಗಳ ಹಿಂತುದಿ ಆ ಅಡ್ಡತೊಲೆಗೇ ಕಚ್ಚಿಕೊಂಡಿರುತ್ತದೆ. ಅದು ತುಕ್ಕು ತಿಂದಿದ್ದರೆ ಕಾರಿನ ಮುಂಭಾಗದ ಭಾರವನ್ನು ಹಿಡಿಯುವವರೇ ಇಲ್ಲ. ತೇಪೆಯ ಮೇಲೆ ತೇಪೆ ಹಾಕಿಸಬೇಡಿ, ಕತ್ತರಿಸಿ ಹೊಸ ತಗಡು ಕೂಡಿಸಿ.

ಬಿಚ್ಚಬಹುದಾದ ಸಣ್ಣ ಉಕ್ಕಿನ ಭಾಗಗಳಿಗೆ ನಮ್ಮ ಕಡೆಯದೇ ಒಂದು ಅಗ್ಗದ ಔಷಧವಿದೆ: ಕಾಕಂಬಿ, ಅಂದರೆ ಸಕ್ಕರೆ ಮಾಡುವಾಗ ಉಳಿಯುವ ಕಪ್ಪು ಪಾಕ. ಪಶು ಆಹಾರದ ಅಂಗಡಿಯಲ್ಲಿ ಸಿಗುವ ಕಾಕಂಬಿಯ ಒಂದು ಪಾಲಿಗೆ ಒಂಬತ್ತು ಪಾಲು ನೀರು ಬೆರೆಸಿ, ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಹಿಂಜು, ಬ್ರಾಕೆಟ್, ಬೋಲ್ಟುಗಳನ್ನು ಎರಡು ವಾರ ಮುಳುಗಿಸಿಡಿ. ತುಕ್ಕು ಬಿಡುತ್ತದೆ, ಒಳ್ಳೆಯ ಉಕ್ಕಿಗೆ ಏನೂ ಆಗುವುದಿಲ್ಲ. ಅಲ್ಯೂಮಿನಿಯಂ ಮತ್ತು ಸತುವಿನ ಎರಕದ ಭಾಗಗಳನ್ನು ಇದರಲ್ಲಿ ಹಾಕಬಾರದು, ಅವು ಕರಗುತ್ತವೆ. ವಾಸನೆ ಬರುತ್ತದೆ, ಇರುವೆ ಬರುತ್ತದೆ. ಡ್ರಮ್ಮನ್ನು ಮನೆಯಿಂದ ದೂರವಿಡಿ. ನಮ್ಮ ಮನೆಯಲ್ಲಿ ಈ ಬಗ್ಗೆ ಒಂದು ತಿಂಗಳು ಮಾತಾಯಿತು.

ಯಾವ ಮರ?

ಈ ಪ್ರಶ್ನೆಗೆ ಉತ್ತರ ಹೇಳಲು ಊರಿನಲ್ಲಿ ಪ್ರತಿಯೊಬ್ಬರೂ ಸಿದ್ಧರು. ತೋಟದಲ್ಲಿ ಗಾಳಿಗೆ ಬಿದ್ದ ಸಿಲ್ವರ್ ಓಕ್ ಬಿಟ್ಟಿ ಸಿಗುತ್ತದೆ, ಹೆಸರಿನಲ್ಲೇ ಓಕ್ ಇದೆಯಲ್ಲ ಎನ್ನುತ್ತಾರೆ. ಅದು ಓಕ್ ಅಲ್ಲ, ಕಾಫಿಗೆ ನೆರಳಾಗಲೆಂದು ತಂದ ಆಸ್ಟ್ರೇಲಿಯಾದ ಮರ. ಪ್ಲೈವುಡ್‌ಗೆ, ಪ್ಯಾಕಿಂಗ್ ಪೆಟ್ಟಿಗೆಗೆ ಒಳ್ಳೆಯದು. ತೇವ ಕಂಡರೆ ಬೇಗ ಕೊಳೆಯುತ್ತದೆ. ಬೀಟೆ ಚಂದ, ಆದರೆ ಬಲು ಭಾರ, ಬೆಲೆ ಕೇಳಲಾಗದು. ಹೊನ್ನೆ, ಮತ್ತಿ ಗಟ್ಟಿ ಮರಗಳೇ, ಕಾರಿಗೆ ಭಾರವೇ.

ಉಳಿಯುವುದು ಎರಡು ದಾರಿ. ಮೊದಲನೆಯದು ಮೂಲದ ಆಶ್. ಆಮದು ಮರದ ವ್ಯಾಪಾರಿಗಳಲ್ಲಿ ಬೆಂಗಳೂರಿನಲ್ಲಿ ಅಮೆರಿಕದ ಆಶ್ ಸಿಗುತ್ತದೆ. ಸಿದ್ಧ ಚೌಕಟ್ಟನ್ನು ಈಗಲೂ ಬ್ರಿಟನ್ನಿನಲ್ಲಿ ಮಾಡುತ್ತಾರೆ. ಸಾಗಣೆ, ಸುಂಕ ಸೇರಿದರೆ ಕಾರಿಗಿಂತ ಅದೇ ದುಬಾರಿಯಾಗಬಹುದು. ಆಶ್‌ನ ಬಲ ಬಾಗುವುದರಲ್ಲಿದೆ, ದೌರ್ಬಲ್ಯ ಕೊಳೆಯುವುದರಲ್ಲಿ. ಎರಡನೆಯದು ತೇಗ. ತೂಕ ಹೆಚ್ಚುಕಡಿಮೆ ಆಶ್‌ನಷ್ಟೇ, ಬಾಗುವ ಗುಣ ಸ್ವಲ್ಪ ಕಡಿಮೆ, ಆದರೆ ಚೇಗು, ಅಂದರೆ ಒಳಗಿನ ಗಟ್ಟಿ ತಿರುಳು, ಇರುವ ತೇಗ ಮಳೆಗೂ ಗೆದ್ದಲಿಗೂ ಬೇಗ ಸೋಲುವುದಿಲ್ಲ. ವಿಂಟೇಜ್ ಪ್ರದರ್ಶನದಲ್ಲಿ ಬಹುಮಾನ ಬೇಕಿದ್ದರೆ ಆಶ್ ಹಾಕಿ. ಮಲೆನಾಡಿನಲ್ಲಿ ಇಟ್ಟುಕೊಂಡು ಓಡಿಸುವವರಿಗೆ ತೇಗವೇ ಎಂದು ನನ್ನ ತೀರ್ಮಾನ. ಎರಡನ್ನೂ ಬೆರೆಸಬೇಡಿ, ಒಂದು ವರ್ಷದಲ್ಲಿ ಬಣ್ಣ ಬೇರೆಯಾಗಿ ಕಾರು ಎರಡು ಜಾತಿಯ ಹಸುವಿನಂತೆ ಕಾಣುತ್ತದೆ.

ತೇಗವನ್ನು ಅರಣ್ಯ ಇಲಾಖೆಯ ಡಿಪೋ ಹರಾಜಿನಲ್ಲೋ ರಸೀದಿ ಕೊಡುವ ಸಾಮಿಲ್ಲಿನಲ್ಲೋ ಕೊಳ್ಳಿ. ನಿಮ್ಮದೇ ತೋಟದ ಮರವಾದರೂ ಕಡಿಯಲು, ಸಾಗಿಸಲು ಅನುಮತಿ ಬೇಕು. ಹೊರಗಿನ ಬಿಳಿ ಭಾಗ ಬೇಡ, ಗಂಟು ಬೇಡ, ಎಳೆ ಉದ್ದಕ್ಕೆ ನೇರ ಓಡಿರಬೇಕು. ಹಳೆಯ ಮನೆ ಕೆಡವಿದಾಗ ಬಂದ ತೊಲೆ ಸಿಕ್ಕರೆ ಅದೃಷ್ಟ. ದಶಕಗಳಿಂದ ಒಣಗಿದ ಮರ ಅದು. ಗರಗಸ ಹಚ್ಚುವ ಮುನ್ನ ಒಳಗೆ ಮುರಿದ ಮೊಳೆ ಇದೆಯೇ ಎಂದು ಅಯಸ್ಕಾಂತ ಆಡಿಸಿ ನೋಡಿ.

ತುಂಡು ಮಾಡುವುದು, ಕೂಡಿಸುವುದು

ಹಳೆಯ ತುಂಡನ್ನು ತೆಳು ಪ್ಲೈವುಡ್ಡಿನ ಮೇಲಿಟ್ಟು ಅಂಚು ಗೆರೆ ಎಳೆದು ಅಚ್ಚು ಮಾಡಿಕೊಳ್ಳಿ. ಕೊಳೆತು ಕಾಣೆಯಾದ ಭಾಗವನ್ನು ಎದುರು ಬದಿಯ ತುಂಡಿನಿಂದ ಪಡೆಯಿರಿ. ಅಚ್ಚನ್ನು ಮಗುಚಿ ಹಾಕುವುದನ್ನು ಮರೆತರೆ ಎರಡು ಎಡಗೈ ಬರುತ್ತವೆ. ಚಕ್ರದ ಮೇಲಿನ ಬಾಗಿದ ತುಂಡನ್ನು ಒಂದೇ ಹಲಗೆಯಿಂದ ಕೊರೆದರೆ ತುದಿಯಲ್ಲಿ ಎಳೆ ಅಡ್ಡವಾಗಿ ಬಂದು ಮುರಿಯುತ್ತದೆ. ಮೂಲದಲ್ಲಿ ಕೂಡಿರುವಲ್ಲೇ ಕೂಡಿಸಿ.

ಕೂಡುಗಳಲ್ಲಿ ಒಂದರ ನಾಲಗೆ ಇನ್ನೊಂದರ ಕುಳಿಗೆ ಕೈಯಿಂದ ಒತ್ತಿದಾಗ ಹೋಗಬೇಕು, ಕೊಡತಿ ಹೊಡೆದು ಅಲ್ಲ. ಅಂಟಿಗೆ ಜಾಗ ಬೇಕು. ನಮ್ಮ ಆಚಾರರು ಬಿಗಿ ಕೂಡಿನ ಅಭಿಮಾನಿ, "ಸಡಿಲ ಬಿಟ್ಟರೆ ನನ್ನ ಹೆಸರು ಹೋಗುತ್ತದೆ" ಎಂದರು. ಎಪಾಕ್ಸಿಗೆ ಕಾಗದದ ದಪ್ಪದ ಸಂದು ಬೇಕೆಂದು ಒಪ್ಪಿಸಲು ಒಂದು ಮಾದರಿ ಕೂಡು ಮಾಡಿ ಮುರಿದು ತೋರಿಸಬೇಕಾಯಿತು: ಬಿಗಿಯಾಗಿದ್ದದ್ದು ಅಂಟಿನಲ್ಲೇ ಬಿಟ್ಟಿತು, ಸಂದು ಬಿಟ್ಟಿದ್ದು ಮರವನ್ನೇ ಸೀಳಿಕೊಂಡು ಬಂತು. ಆಮೇಲೆ ಅವರೇ ನನಗೆ ಪಾಠ ಹೇಳತೊಡಗಿದರು. ಪೀಠೋಪಕರಣಕ್ಕೆ ಹಚ್ಚುವ ಬಿಳಿ ಅಂಟು ಇಲ್ಲಿ ನಿಷಿದ್ಧ, ಸತತ ತೇವದಲ್ಲಿ ಅದು ಮೆತ್ತಗಾಗುತ್ತದೆ. ದೋಣಿಗೆ ಬಳಸುವ ಎರಡು ಭಾಗದ ಎಪಾಕ್ಸಿ ತನ್ನಿ. ತೇಗದಲ್ಲಿ ಎಣ್ಣೆಯಂಶ ಇರುವುದರಿಂದ ಅಂಟು ಹಚ್ಚುವ ಮುನ್ನ 80ರ ಮರಳುಕಾಗದದಲ್ಲಿ ಉಜ್ಜಿ, ಅಸಿಟೋನಿನಿಂದ ಒರೆಸಿ, ಒಣಗಿದ ಕೂಡಲೇ ಹಚ್ಚಿ. ಮರುದಿನಕ್ಕೆ ಬಿಟ್ಟರೆ ಎಣ್ಣೆ ಮತ್ತೆ ಮೇಲೆ ಬರುತ್ತದೆ. ಕ್ಲ್ಯಾಂಪನ್ನು ಅಂಟು ಅಂಚಿನಲ್ಲಿ ಇಣುಕುವಷ್ಟು ಮಾತ್ರ ಬಿಗಿಮಾಡಿ.

ಕಂಬದ ಬುಡ ಮಾತ್ರ ಕೆಟ್ಟಿದ್ದರೆ ಓರೆಯಾಗಿ ಕತ್ತರಿಸಿ ಹೊಸ ತುಂಡು ಸೇರಿಸಬಹುದು. ಓರೆ ಒಂದಕ್ಕೆ ಎಂಟು: ಒಂದೂವರೆ ಇಂಚು ದಪ್ಪಕ್ಕೆ ಹನ್ನೆರಡು ಇಂಚು ಉದ್ದದ ಕೂಡು. ಮೋಟಾಗಿ ಕತ್ತರಿಸಿ ಅಂಟಿಸಿದ್ದು ಮೊದಲ ಗುಂಡಿಗೇ ಬಿಡುತ್ತದೆ.

ಸ್ಕ್ರೂ ಸ್ಟೇನ್‌ಲೆಸ್ ಆಗಿರಲಿ. ಹೊರಗೆ ಕಾಣುವಲ್ಲಿ ಹಿತ್ತಾಳೆ ಹಾಕುವ ಮನಸ್ಸಿದ್ದರೆ, ಬೈರಿಗೆಯಿಂದ ತೂತು ಮಾಡಿ, ಅದೇ ಅಳತೆಯ ಉಕ್ಕಿನ ಸ್ಕ್ರೂವನ್ನು ಒಮ್ಮೆ ತಿರುಗಿಸಿ ತೆಗೆದು, ಆಮೇಲೆ ಹಿತ್ತಾಳೆಯದಕ್ಕೆ ಮೇಣ ಸವರಿ ಕೂರಿಸಿ. ನೇರ ತಿರುಗಿಸಿದರೆ ತಲೆ ಕೈಗೆ ಬರುತ್ತದೆ. ಅಲ್ಯೂಮಿನಿಯಂ ಹಾಳೆಗೆ ಹಿತ್ತಾಳೆ ತಾಗಬಾರದು. ತೇವದಲ್ಲಿ ಎರಡು ಲೋಹ ಸೇರಿದರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗುತ್ತದೆ. ಹಾಳೆ ಮರಕ್ಕೆ ಕೂರುವ ಅಂಚಿಗೆಲ್ಲ ಬ್ಯುಟೈಲ್ ಎಂಬ ಅಂಟು ರಬ್ಬರಿನ ಪಟ್ಟಿ ಕೊಡಿ.

ಪೂರ್ತಿ ಅಂಟು ಹಾಕುವ ಮುನ್ನ ಇಡೀ ಬದಿಯನ್ನು ಒಣದಾಗಿಯೇ ಕಾರಿಗೆ ಕೂರಿಸಿ, ಮುಂಬಾಗಿಲು ಮುಚ್ಚಿ, ಕರ್ಣ ಅಳೆದು, ಗಾಜನ್ನೂ ಜಾರಿಸಿ ನೋಡಿ. ನಾವು ಏಳು ಸಲ ಕೂರಿಸಿ ತೆಗೆದೆವು.

ನೀರಿನ ದಾರಿ

ಈ ಕಾರಿನ ಮರ ಹಾಳಾಗುವುದು ಮಳೆ ಬೀಳುವುದರಿಂದಲ್ಲ, ಬಿದ್ದ ಮಳೆ ನಿಲ್ಲುವುದರಿಂದ. ನಮ್ಮ ಹಿರಿಯರು ಕಂಬವನ್ನು ಕಲ್ಲಿನ ಕುಂಬಿಯ ಮೇಲೆ ನಿಲ್ಲಿಸಿದ್ದು ಅದಕ್ಕೇ. ಮರದ ಅಡ್ಡ ಸೀಳಿದ ತುದಿ ಬತ್ತಿಯಂತೆ ನೀರು ಹೀರುತ್ತದೆ. ಕಾರಿನಲ್ಲಿ ಎಲ್ಲ ಕಂಬಗಳ ತುದಿಯೂ ಕೆಳಗೇ ಇದೆ.

ಆದ್ದರಿಂದ ಪ್ರತಿ ತುದಿಗೂ ತೆಳು ಎಪಾಕ್ಸಿಯನ್ನು, ಕುಡಿಯುವುದು ನಿಲ್ಲಿಸುವವರೆಗೆ, ಮೂರು ನಾಲ್ಕು ಸಲ ಕುಡಿಸಿ. ಜಾರುಗಾಜಿನ ತೋಡಿನಲ್ಲಿ ಹಳೆಯ ಫೆಲ್ಟ್ ಇದ್ದರೆ ಕಿತ್ತು ಎಸೆಯಿರಿ, ಅದು ಸ್ಪಂಜಿನಂತೆ ನೀರು ಹಿಡಿಯುತ್ತದೆ. ಹೊಸ ಚಾನೆಲ್ ಕೂರಿಸುವಾಗ ತೋಡಿನ ತಳದಲ್ಲಿ ಹೊರಮುಖವಾಗಿ ಇಳಿಜಾರು ಕೊಟ್ಟು, ಆರು ಮಿಲಿಮೀಟರಿನ ಮೂರು ತೂತು ಕೊರೆದು, ತೂತಿನ ಒಳಗೋಡೆಗೂ ಎಪಾಕ್ಸಿ ಹಚ್ಚಿ. ಹಿಂಬಾಗಿಲ ತಳಕ್ಕೂ ಹೀಗೇ. ಹುಳಿ ವಾಸನೆ ಬರುವ ಸಿಲಿಕೋನ್ ಅಂಟು ಬೇಡ, ಅದು ಲೋಹವನ್ನು ತಿನ್ನುತ್ತದೆ. ಸಂದು ತುಂಬುವ, ಗಟ್ಟಿಯಾಗದ ಮ್ಯಾಸ್ಟಿಕ್ ಬಳಸಿ.

ಆಶ್ ಬಳಸಿದವರು ಕೂಡಿಸುವ ಮುನ್ನ ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣದಲ್ಲಿ ತುಂಡುಗಳನ್ನು ನೆನೆಸಿ ಒಣಗಿಸಬೇಕು, ಕುಟ್ಟೆಗೂ ಶಿಲೀಂಧ್ರಕ್ಕೂ ಅದು ಮದ್ದು. ನೀರಿನಲ್ಲಿ ಕರಗಿ ಹೋಗುವ ಮದ್ದಾದ್ದರಿಂದ ಮೇಲೆ ವಾರ್ನಿಷ್ ಕಡ್ಡಾಯ. ತೇಗದ ಚೇಗಿಗೆ ಇದು ಬೇಡ. ಹಳೆಯ ಮನೆಗಳ ಜಂತೆಗೆ ಹಚ್ಚುತ್ತಿದ್ದ ಗೇರೆಣ್ಣೆಯ ಸಲಹೆಯೂ ನಿಮಗೆ ಬರುತ್ತದೆ. ಕೆಲಸ ಮಾಡುತ್ತದೆ ನಿಜ, ಆದರೆ ಮರ ಕಪ್ಪಾಗುತ್ತದೆ, ಅದರ ಮೇಲೆ ವಾರ್ನಿಷ್ ಕೂರುವುದಿಲ್ಲ, ಕೈಗೆ ತಾಗಿದರೆ ಚರ್ಮ ಸುಡುತ್ತದೆ.

ವಾರ್ನಿಷ್

ಬಿಸಿಲನ್ನು ತಡೆಯುವ, ಸ್ವಲ್ಪ ಹಿಗ್ಗುವ ದೋಣಿಯ ವಾರ್ನಿಷ್ ಆರಿಸಿ. ಟೇಬಲ್ಲಿನ ಮೇಲೆ ಹಾಕುವ ಗಡಸು ಪಾಲಿಯುರಿಥೇನ್ ಬಿರುಕು ಬಿಟ್ಟು, ಬಿರುಕಿನೊಳಗೆ ನೀರನ್ನು ಕೂಡಿಹಾಕುತ್ತದೆ. ಮೊದಲ ಕೋಟನ್ನು ಅರ್ಧಕ್ಕರ್ಧ ತೆಳು ಮಾಡಿ, ಎರಡನೆಯದನ್ನು ಕಾಲು ಪಾಲು, ಉಳಿದ ನಾಲ್ಕನ್ನು ಹಾಗೆಯೇ. ನಡುವೆ 320ರ ಕಾಗದದ ಉಜ್ಜಿಗೆ. ಕಾರಿಗೆ ಕೂರಿಸಿದ ಮೇಲೆ ಕಾ‌ಣದಾಗುವ ಮೈಗಳಿಗೆ ಮೊದಲೇ ಹಚ್ಚಿರಬೇಕು. ಬೆಳಗಿನ ಮಂಜು ಆರಿದ ಮೇಲೆ ಶುರು ಮಾಡಿ ಮಧ್ಯಾಹ್ನ ಮೂರಕ್ಕೆ ನಿಲ್ಲಿಸಿ. ನಾನು ಒಂದು ಸಂಜೆ ಆಸೆಗೆ ಬಿದ್ದು ಐದನೇ ಕೋಟು ಹಾಕಿದೆ. ರಾತ್ರಿಯ ತೇವಕ್ಕೆ ಇಡೀ ಎಡಬದಿ ಹಾಲಿನ ಕೆನೆಯಂತೆ ಬೆಳ್ಳಗಾಯಿತು. ಮತ್ತೆ ಮರಳುಕಾಗದ.

ಇಂಜಿನ್, ಬ್ರೇಕು, ವೈರಿಂಗ್

ಇದು ಎ-ಸರಣಿಯ ಸರಳ ಇಂಜಿನ್. ಒಳ್ಳೆಯ ಲೇತ್ ಇರುವ ಗ್ಯಾರೇಜು ಸಾಕು. ಟ್ಯಾಪೆಟ್ ಸಂದು 0.012 ಇಂಚು. ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರ ಸುತ್ತಬೇಕಾಗುತ್ತದೆ. ಎರಡು ವಿಷಯ ಮಾತ್ರ ಹೊಸ ಕಾಲದವು. ದೇಶದಲ್ಲಿ ಸೀಸವಿರುವ ಪೆಟ್ರೋಲು 2000ದಲ್ಲಿ ನಿಂತಿತು. ಹಳೆಯ ವಾಲ್ವ್ ಸೀಟು ಸವೆಯದಂತೆ ಕಾಯುತ್ತಿದ್ದದ್ದು ಆ ಸೀಸವೇ; ಹೆಡ್ ಬಿಚ್ಚಿದಾಗ ಗಡಸು ವಾಲ್ವ್ ಸೀಟು ಹಾಕಿಸಿ. ಈಗಿನ ಪೆಟ್ರೋಲಿನಲ್ಲಿ 20%ವರೆಗೆ ಎಥೆನಾಲ್ ಇರುತ್ತದೆ, ಅದು ಹಳೆಯ ರಬ್ಬರನ್ನು ಮೆತ್ತಗೆ ಮಾಡುತ್ತದೆ; ಟ್ಯಾಂಕಿನಿಂದ ಕಾರ್ಬುರೇಟರಿನವರೆಗೆ ಎಲ್ಲ ಪೈಪು, ವಾಷರು ಬದಲಾಯಿಸಿ. ಬ್ರೇಕಿನ ಮಾಸ್ಟರ್ ಸಿಲಿಂಡರ್ ಚಾಲಕನ ಕಾಲಡಿಯಲ್ಲಿ ಅಡಗಿದೆ, ಕಾಣುವುದಿಲ್ಲವೆಂದು ಬಿಡಬೇಡಿ. ಈ ಕಾರಿನಲ್ಲಿ ಬ್ಯಾಟರಿಯ ಪ್ಲಸ್ ತುದಿ ಬಾಡಿಗೆ ಹೋಗುತ್ತದೆ. ತಿಳಿಯದ ಎಲೆಕ್ಟ್ರಿಷಿಯನ್ ಉಲ್ಟಾ ಕೊಟ್ಟರೆ ಹೊಗೆ.

ನಿಮ್ಮ ಗುರುತು ಎಲ್ಲಿ?

ಬದಲಾವಣೆಗೆ ನನ್ನದೊಂದೇ ಅಳತೆಗೋಲು: ಸ್ಪ್ಯಾನರಿನಿಂದ ಹಾಕಿದ್ದು ಸ್ಪ್ಯಾನರಿನಿಂದಲೇ ತೆಗೆಯುವಂತಿರಬೇಕು. ಆಲ್ಟರ್ನೇಟರ್ ಹಾಕಿ ವೈರಿಂಗ್ ಧ್ರುವ ಬದಲಿಸುವುದು, ಡಿಸ್ಟ್ರಿಬ್ಯೂಟರಿನೊಳಗೆ ಕಾಣದಂತೆ ಎಲೆಕ್ಟ್ರಾನಿಕ್ ಇಗ್ನಿಷನ್ ಕೂರಿಸುವುದು, ಸೀಟ್ ಬೆಲ್ಟ್, ಪ್ರಖರ ಹಿಂದೀಪ ಇವೆಲ್ಲ ಸರಿ. ಏನೇ ಇದ್ದರೂ ಸಾರಿಗೆ ಕಚೇರಿಯಲ್ಲಿ ಕೇಳಿಕೊಂಡೇ ಹಾಕಿ. ಬಣ್ಣ ಬದಲಿಸಿದರೆ ಆರ್‌ಸಿಯಲ್ಲಿ ದಾಖಲಿಸಬೇಕು. ದೊಡ್ಡ ಇಂಜಿನ್ ತುರುಕುವ ಯೋಚನೆಗೆ ಕಾನೂನು ಅಡ್ಡ ಬರುತ್ತದೆ, ಈ ಮರದ ಮೈಯೂ ಅದಕ್ಕೆ ಒಪ್ಪುವುದಿಲ್ಲ.

ಕೈಚಳಕ ತೋರಿಸಲು ಒಳಗಡೆ ಬೇಕಾದಷ್ಟು ಜಾಗವಿದೆ. ಹಿಂದಿನ ನೆಲಹಲಗೆಯನ್ನು ಐಎಸ್ 710 ಗುರುತಿನ ಮೆರೈನ್ ಪ್ಲೈವುಡ್ಡಿನಲ್ಲಿ ಮಾಡಿ, ಮೇಲೆ ತೇಗದ ಪಟ್ಟಿ, ನಡುವೆ ಬೆರಳಗಲದ ಬೀಟೆ ಗೆರೆ ಕೊಟ್ಟೆವು. ಹಳೆಯ ಬೀಟೆ ಕುರ್ಚಿಯೊಂದರ ಮುರಿದ ಕೈ ಇದಕ್ಕೆ ಸಾಕಾಯಿತು. ಸೀಟಿಗೆ ಚರ್ಮ ಹಾಕಿಸುವ ಶೋಕಿ ಮಲೆನಾಡಿನಲ್ಲಿ ಬೇಡ. ಆಷಾಢ ಮುಗಿಯುವಷ್ಟರಲ್ಲಿ ಬೂಷ್ಟು ಹಸಿರಾಗಿ ಎದ್ದಿರುತ್ತದೆ. ಒಳ್ಳೆಯ ರೆಕ್ಸಿನ್, ಅಡಿಯಲ್ಲಿ ನಾರಿನ ಹಾಸು ಸಾಕು. ಚಾವಣಿಯ ಮೇಲೆ ಕ್ಯಾರಿಯರ್ ಬೇಕಿದ್ದರೆ ಅದರ ಕಾಲುಗಳು ಅಂಚಿನ ಗಟಾರದ ಮೇಲೆ, ಅಂದರೆ ಮೇಲ್ಪಟ್ಟಿಯ ನೇರಕ್ಕೆ ನಿಲ್ಲಬೇಕು. ನಡುವಿನ ಅಲ್ಯೂಮಿನಿಯಂ ಬರೀ ಹೊದಿಕೆ.

ಮೊದಲ ಓಟ

ಕಡೂರು ರಸ್ತೆಯಲ್ಲಿ ಶುರು ಮಾಡಿ. ಬಯಲು ದಾರಿ, ಕೆಟ್ಟು ನಿಂತರೂ ತಳ್ಳಬಹುದು. ಹತ್ತು ಕಿಲೋಮೀಟರಿಗೊಮ್ಮೆ ಇಳಿದು ಬ್ರೇಕ್ ಡ್ರಮ್ ಮುಟ್ಟಿ ನೋಡಿ. ನಾಲ್ಕರಲ್ಲಿ ಒಂದು ಮಾತ್ರ ಬಿಸಿಯಾಗಿದ್ದರೆ ಅದು ಹಿಡಿದುಕೊಂಡಿದೆ. ಮರ ಕಿರುಗುಟ್ಟುತ್ತದೆ. ಮೊದಲ ನೂರು ಕಿಲೋಮೀಟರ್ ಕಿರುಗುಟ್ಟಿ ಕೂರುವುದು ಸಹಜ. ಆಮೇಲೂ ಒಂದೇ ಜಾಗದಿಂದ ಸದ್ದು ಬಂದರೆ ಆ ಬೋಲ್ಟ್ ಸಡಿಲವಾಗಿದೆ. ಐನೂರು ಕಿಲೋಮೀಟರಿಗೆ ಚೌಕಟ್ಟಿನ ಎಲ್ಲ ಬೋಲ್ಟುಗಳನ್ನು ಒಮ್ಮೆ ಬಿಗಿಮಾಡಿ. ಕೈಮರದ ಏರು ಆಮೇಲೆ, ಚಾರ್ಮಾಡಿ ಎಲ್ಲಕ್ಕಿಂತ ಕೊನೆಗೆ. ಇಳಿಯುವಾಗ ಏರಿದ ಗೇರಿನಲ್ಲೇ ಇಳಿಯಿರಿ, ಸಣ್ಣ ಡ್ರಮ್ ಬ್ರೇಕು ಬಿಸಿಯಾದರೆ ಕೈಬಿಡುತ್ತದೆ.

ರೋಹಿಣಿ ಮಳೆಗೆ ಮುಂಚೆ ಒಂದು ಪರೀಕ್ಷೆ ಬಾಕಿ. ಒಬ್ಬರನ್ನು ಟಾರ್ಚ್ ಕೊಟ್ಟು ಕಾರಿನೊಳಗೆ ಕೂರಿಸಿ, ಹೊರಗಿನಿಂದ ಪೈಪಿನಲ್ಲಿ ಚಾವಣಿಗೆ ಹತ್ತು ನಿಮಿಷ ನೀರು ಬಿಡಿ. ಮುಂಭಾಗದ ಉಕ್ಕಿನ ಚಾವಣಿಗೆ ಹಿಂದಿನ ಅಲ್ಯೂಮಿನಿಯಂ ಸೇರುವ ಸಂದಿನಿಂದ ತೊಟ್ಟಿಕ್ಕಿದರೆ ಅಲ್ಲಿ ಮ್ಯಾಸ್ಟಿಕ್ ಮತ್ತೆ ತುಂಬಿ. ಕೊನೆಗೆ ಜಾರುಗಾಜಿನ ತೋಡಿಗೆ ಒಂದು ಚೊಂಬು ನೀರು ಸುರಿದು ಕೆಳಗೆ ನೋಡಿ. ಒಂದು ನಿಮಿಷದೊಳಗೆ ಅಷ್ಟೂ ನೀರು ನೆಲಕ್ಕೆ ಬಿದ್ದಿರಬೇಕು. ಬೀಳದಿದ್ದರೆ ತೂತಿಗೆ ತೆಂಗಿನ ಕಡ್ಡಿ ಹಾಕಿ ಬಿಡಿಸಿ, ಇನ್ನೊಂದು ಚೊಂಬು ತನ್ನಿ.